ಟೊಳ್ಳಾದ ಯೂ ಮರ ಸಾಯುತ್ತಿದೆಯೇ?

ಕಾಂಡ ಟೊಳ್ಳಾದರೆ ಮರದ ಆಯಸ್ಸು ಮುಗಿಯಿತು ಎಂದುಕೊಳ್ಳುತ್ತೇವೆ. ಯುರೋಪಿನ ಯೂ ಮರದ ಮಟ್ಟಿಗೆ ಇದು ತಪ್ಪು.

ಕಾಂಡದ ನಡುವಿನ ಕೆಚ್ಚು ಸತ್ತ ಭಾಗ. ನೀರು, ಆಹಾರ ಸಾಗುವುದು ಹೊರಪದರಗಳಲ್ಲಿ. ಹೀಗಾಗಿ ಕೆಚ್ಚು ಕೊಳೆತರೂ ಮರ ಶತಮಾನಗಳ ಕಾಲ ಚಿಗುರುತ್ತಲೇ ಇರುತ್ತದೆ. ಕೆಲವು ಮರಗಳು ಟೊಳ್ಳಿನೊಳಗೇ ಹೊಸ ಬೇರು ಇಳಿಸುತ್ತವೆ.

ಸ್ಕಾಟ್ಲೆಂಡಿನ ಫೋರ್ಟಿಂಗಲ್ ಹಳ್ಳಿಯ ಚರ್ಚಿನಂಗಳದ ಯೂ ಮರವನ್ನೇ ನೋಡೋಣ. 1769ರಲ್ಲಿ ಅಳೆದಾಗ ಇದರ ಸುತ್ತಳತೆ 50 ಅಡಿಗೂ ಹೆಚ್ಚಿತ್ತು. ಈಗ ಅದು ಬೇರೆ ಬೇರೆ ಕಾಂಡಗಳಾಗಿ ಒಡೆದಿದೆ. ನಡುಭಾಗವೇ ಇಲ್ಲದ್ದರಿಂದ ಉಂಗುರ ಎಣಿಸಿ ವಯಸ್ಸು ಹೇಳಲಾಗದು. 2,000ದಿಂದ 3,000 ವರ್ಷ ಎಂಬುದು ಅಂದಾಜು ಮಾತ್ರ. ಗಂಡು ಮರವೆಂದೇ ದಾಖಲಾಗಿದ್ದ ಇದರ ಒಂದು ಕೊಂಬೆ 2015ರಲ್ಲಿ ಕೆಂಪು ಹಣ್ಣು ಬಿಟ್ಟಿತು!

ಹಾಗಾದರೆ ಅಪಾಯ ಎಲ್ಲಿಂದ? ಹೆಚ್ಚಾಗಿ ನಮ್ಮಿಂದಲೇ. ಹಿಂದೆ ಜನ ನೆನಪಿಗೆಂದು ಇದರ ತುಂಡುಗಳನ್ನು ಕಿತ್ತೊಯ್ದರು. ಕಾವಲಿಗೆ ಗೋಡೆ ಕಟ್ಟಬೇಕಾಯಿತು. ಕಾಲ್ತುಳಿತಕ್ಕೆ ಮಣ್ಣು ಬಿಗಿದುಕೊಂಡರೆ ಬೇರಿಗೆ ಗಾಳಿ, ನೀರು ಸಿಗುವುದಿಲ್ಲ. ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ ಹಳೆಯ ಯೂ ಮರಗಳ ಕಡ್ಡಿ ನೆಟ್ಟು ಅವುಗಳ ತಳಿಯನ್ನು ಉಳಿಸುತ್ತಿದೆ.

ಹಳೆಯ ಯೂ ಮರಕ್ಕೆ ನಾವು ಮಾಡಬಹುದಾದ ದೊಡ್ಡ ಉಪಕಾರ ಇಷ್ಟೇ: ಟೊಳ್ಳನ್ನು ಮುಚ್ಚದಿರುವುದು, ಬೇರನ್ನು ತುಳಿಯದಿರುವುದು.