ಉಮೇದುವಾರಿಯಿಂದ ಇಂಟರ್‌ವ್ಯೂವರೆಗೆ

ಕಳೆದ ವಾರ ರಾತ್ರಿ ಊರಿಂದ ಅಕ್ಕನ ಮಗನ ಫೋನ್ ಬಂತು. "ಮಾವ, ಸೋಮವಾರ ಬೆಂಗಳೂರಲ್ಲಿ ಇಂಟರ್‌ವ್ಯೂ ಐತಿ. 'ನಿಮ್ಮ ಬಗ್ಗೆ ಹೇಳಿ' ಅಂತ ಕೇಳಿದ್ರೆ ಏನ್ ಹೇಳ್ಬೇಕು?" ಅಂದ. ನೀನೇನು ತಯಾರಿ ಮಾಡ್ಕೊಂಡಿದೀಯ ಹೇಳು ಅಂದೆ. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ್ದನ್ನು ಗಡಗಡ ಒಪ್ಪಿಸಿದ. ಇಂಗ್ಲಿಷ್ ಚೆನ್ನಾಗೇ ಇತ್ತು. ಆದರೆ ಅದನ್ನು ಯಾವ ಊರಿನ ಯಾವ ಹುಡುಗ ಬೇಕಾದರೂ ಹೇಳಬಹುದಿತ್ತು. ಗೋವಿನಕೋವಿ ಅನ್ನುವ ಹೆಸರೇ ಅದರಲ್ಲಿರಲಿಲ್ಲ.

ನನಗೆ ನನ್ನ ಮೊದಲ ಇಂಟರ್‌ವ್ಯೂ ನೆನಪಾಯಿತು. 1998ನೇ ಇಸವಿ. ಹಿಂದಿನ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗಿ ನಮ್ಮ ಹೊನ್ನಾಳಿ ತಾಲ್ಲೂಕು ಶಿವಮೊಗ್ಗದಿಂದ ಅದಕ್ಕೆ ಸೇರಿತ್ತು. ನನ್ನ ಅಂಕಪಟ್ಟಿಯಲ್ಲಿ ಶಿವಮೊಗ್ಗ ಜಿಲ್ಲೆ, ಅರ್ಜಿಯಲ್ಲಿ ದಾವಣಗೆರೆ ಜಿಲ್ಲೆ. ಎದುರಿಗಿದ್ದ ಮೂವರಲ್ಲಿ ಹಿರಿಯರೊಬ್ಬರು ಎರಡನ್ನೂ ನೋಡಿ "ಊರು ಎದ್ದು ನಡ್ಕೊಂಡು ಹೋಯ್ತೇನಯ್ಯಾ?" ಅಂದರು. ಅದಕ್ಕೆ ಹೇಗೋ ಉತ್ತರ ಹೇಳಿದೆ. ಆಮೇಲೆ ಬಂತು ನೋಡಿ.. "ಗೋವಿಗೆ ಯಾಕಪ್ಪಾ ಕೋವಿ? ಏನು ಈ ಹೆಸರಿನ ಕಥೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಕೆಲಸ ಹೋಗುತ್ತೆ ಅಂತ ಹೆದರಿ, ಟಿಪ್ಪು ಕಾಲದಲ್ಲಿ ಸೈನಿಕರು ದನದ ಕೊಟ್ಟಿಗೆಯಲ್ಲಿ ಬಂದೂಕು ಬಚ್ಚಿಟ್ಟಿದ್ದರು ಅಂತ ಅಲ್ಲೇ ಒಂದು ಕಥೆ ಹೆಣೆದೆ. ಅವರು ಯಾವ ಯುದ್ಧ, ಯಾವ ಇಸವಿ ಅಂತ ಕೇಳುತ್ತಾ ಹೋದರು. ನಾಲ್ಕನೇ ಪ್ರಶ್ನೆಗೆ ನನ್ನ ಬಾಯಿ ಒಣಗಿತ್ತು. "ಗೊತ್ತಿಲ್ಲ ಅಂದಿದ್ರೆ ಸಾಕಾಗಿತ್ತು" ಅಂದರು. ಕೆಲಸ ಸಿಗಲಿಲ್ಲ. ಅವತ್ತಿನಿಂದ ಈ ಇಂಟರ್‌ವ್ಯೂ ಅನ್ನೋದು ನಮ್ಮಲ್ಲಿಗೆ ಎಲ್ಲಿಂದ ಬಂತು ಅನ್ನುವ ಕುತೂಹಲ ನನಗೆ.

ನಮ್ಮಜ್ಜ ಕೆಲಸ ಹುಡುಕೋದಕ್ಕೆ 'ಉಮೇದುವಾರಿ' ಅನ್ನುತ್ತಿದ್ದರು. ಉಮೇದ್ ಅಂದರೆ ಪಾರ್ಸಿಯಲ್ಲಿ ಆಸೆ, ಭರವಸೆ. ಹಿಂದೆ ಸರ್ಕಾರಿ ಕಚೇರಿಗಳಲ್ಲಿ ಸಂಬಳವಿಲ್ಲದೆ ಕಾಗದಪತ್ರ ನಕಲು ಮಾಡಿಕೊಂಡು, ಯಾವತ್ತಾದರೂ ಜಾಗ ಖಾಲಿಯಾದೀತು ಅಂತ ಕಾಯುತ್ತಿದ್ದವನೇ ಉಮೇದುವಾರ. ಅವನಿಗೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಯಾರ ಕಡೆಯವನು ಅನ್ನೋದೊಂದು ಗೊತ್ತಾದರೆ ಸಾಕು! ವರ್ಷಗಟ್ಟಲೆ ಸಂಬಳವಿಲ್ಲದೆ ಕಾಯಲು ಮನೆಯಲ್ಲಿ ಅನ್ನವಿರಬೇಕು, ಕಚೇರಿಯಲ್ಲಿ ನೆಂಟರಿರಬೇಕು. ಎರಡೂ ಇಲ್ಲದವನು ಗದ್ದೆಗೇ ವಾಪಸ್.

ಇಂಗ್ಲೆಂಡಿನಲ್ಲೂ ಅದೇ ಕಥೆ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮಗೆ ಬೇಕಾದ ಹುಡುಗರನ್ನು ಹೆಸರಿಸಿ ಇಲ್ಲಿಗೆ ಕಳಿಸುತ್ತಿದ್ದರು. 1855ರಿಂದ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಬಂತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ನಮ್ಮ ಮಾಸ್ತಿಯವರು ಅಧಿಕಾರಿಯಾದದ್ದು ಈ ಪರೀಕ್ಷೆ ಪಾಸು ಮಾಡಿಯೇ. ಶಿವಮೊಗ್ಗ ಸೀಮೆಯೂ ಆ ಸಂಸ್ಥಾನದ್ದೇ ಆದ್ದರಿಂದ ಇದು ನಮ್ಮೂರಿನ ಕಥೆಯೂ ಹೌದು.

ಪರೀಕ್ಷೆ ಬಂದಮೇಲೆ ಎಲ್ಲರಿಗೂ ಬಾಗಿಲು ತೆರೆಯಿತಾ? ಇಲ್ಲ. ಇಂಗ್ಲಿಷ್ ಓದಿದವರೇ ಬೆರಳೆಣಿಕೆಯಷ್ಟು, ಅವರಲ್ಲೂ ಹೆಚ್ಚಿನವರು ಒಂದೇ ಸಮುದಾಯದವರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರು ದಕ್ಷತೆ ಕೆಡುತ್ತದೆ ಎಂದು ಒಪ್ಪದೆ ಅಧಿಕಾರ ಬಿಟ್ಟರು. 'ಯೋಗ್ಯತೆ ಅಂದರೇನು, ಅದನ್ನು ಅಳೆಯೋದು ಹೇಗೆ' ಅನ್ನುವ ಜಗಳ ನೂರು ವರ್ಷ ದಾಟಿದರೂ ಮುಗಿದಿಲ್ಲ.

ಇಂಟರ್‌ವ್ಯೂ ಈ ಜಗಳದ ನಡುವೆ ಕೂತಿದೆ. ಬರೆದ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಬಹುದು. ಕೋಣೆಯೊಳಗೆ ಆಡಿದ ಮಾತಿಗೆ ಸಾಕ್ಷಿ ಯಾರು? ಇದು ಸುಪ್ರೀಂ ಕೋರ್ಟಿಗೂ ಹೋಯಿತು, ನಮ್ಮ ರಾಜ್ಯದಿಂದಲೇ. 1964ರ ಚಿತ್ರಲೇಖಾ ಪ್ರಕರಣ. ಅದು ಕೆಲಸದ್ದಲ್ಲ, ಮೆಡಿಕಲ್, ಎಂಜಿನಿಯರಿಂಗ್ ಸೀಟಿನದ್ದು. ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇಕಡಾ 25ರಷ್ಟನ್ನು ಮೈಸೂರು ಸರ್ಕಾರ ಸಂದರ್ಶನಕ್ಕೆ ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚಾಸ್ಪರ್ಧೆ, ನಾಟಕ ಎಲ್ಲ ನೋಡಬೇಕಿತ್ತು. ದುರುಪಯೋಗ ಆಗಬಹುದು ಎಂಬ ಕಾರಣಕ್ಕೇ ಪದ್ಧತಿಯನ್ನು ಹೊಡೆದುಹಾಕಲಾಗದು ಅಂತ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಯೋಚಿಸಿ, ಶಾಲೆ ಬಿಟ್ಟ ತಕ್ಷಣ ಎಮ್ಮೆ ಹೊಡೆದುಕೊಂಡು ಹೊಳೆಗೆ ಹೋಗುತ್ತಿದ್ದ ಹುಡುಗನಿಗೆ ಎನ್‌ಸಿಸಿ ಎಲ್ಲಿಂದ ಬರಬೇಕು?

ಆಮೇಲೆ ಗಾಳಿ ತಿರುಗಿತು. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ, ಶ್ರೀನಗರದ ಕಾಲೇಜೊಂದು ಎರಡು ಮೂರು ನಿಮಿಷ ಮಾತಾಡಿಸಿ 150ಕ್ಕೆ 50 ಅಂಕ ಕೊಡುತ್ತಿದ್ದದ್ದು ಹೊರಬಂತು. ಶೇಕಡಾ 15ಕ್ಕಿಂತ ಹೆಚ್ಚು ಇಡುವುದು ಮನಸೋ ಇಚ್ಛೆಯಾಗುತ್ತದೆ ಅಂದಿತು ಕೋರ್ಟು. 1985ರಲ್ಲಿ ಹರಿಯಾಣದ ಪ್ರಕರಣದಲ್ಲಿ ಅದು 12.2ಕ್ಕೆ ಇಳಿಯಿತು.

ನಮ್ಮ ಹಳ್ಳಿಗಳ ಮಟ್ಟಿಗೆ ದೊಡ್ಡ ಬದಲಾವಣೆ ತಂದವರು ಎಚ್. ಜಿ. ಗೋವಿಂದೇಗೌಡರು. 1994ರಿಂದ 99ರವರೆಗೆ ಶಿಕ್ಷಣ ಸಚಿವರಾಗಿದ್ದಾಗ ಶಿಫಾರಸಿಗೆ ಜಾಗವಿಲ್ಲದಂತೆ, ಅಂಕದ ಮೇಲೆ ಮೇಷ್ಟ್ರುಗಳನ್ನು ತೆಗೆದುಕೊಂಡರು. ಯಾರ ಮನೆ ಬಾಗಿಲಿಗೂ ಹೋಗದೆ ಕೆಲಸ ಸಿಗುತ್ತೆ ಅನ್ನೋದನ್ನು ಎಷ್ಟೋ ಮನೆಗಳು ಮೊದಲ ಸಲ ನಂಬಿದ್ದು ಆಗ.

ಕೆಪಿಎಸ್‌ಸಿ ಕಥೆ ನಿಮಗೆ ಗೊತ್ತೇ ಇದೆ. 1951ರಲ್ಲಿ ಮೈಸೂರು ಲೋಕಸೇವಾ ಆಯೋಗವಾಗಿ ಶುರುವಾದದ್ದು. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯ ಮೇಲೆ ದೂರು ಬಂದು, ಸಿಐಡಿ ತನಿಖೆಯಾಗಿ, 2014ರಲ್ಲಿ ಸರ್ಕಾರ ಆಯ್ಕೆಯನ್ನೇ ರದ್ದು ಮಾಡಿತು. ಕೋರ್ಟು ಕಚೇರಿ ಅಲೆದಾಟವೆಲ್ಲ ಆದಮೇಲೆ 2022ರಲ್ಲಿ ಆ ನೇಮಕಾತಿ ಉಳಿಸಲು ಕಾಯ್ದೆ ಬಂತು. ಈ ನಡುವೆ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಸಿ ಗುಂಪಿನ ಮತ್ತು ಗೆಜೆಟೆಡ್ ಅಲ್ಲದ ಬಿ ಗುಂಪಿನ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಕೆಎಎಸ್‌ನಲ್ಲಿ ಹಿಂದೆ 200 ಅಂಕವಿದ್ದ ಸಂದರ್ಶನಕ್ಕೆ 2024ರ ಅಧಿಸೂಚನೆಯಲ್ಲಿ ಇದ್ದದ್ದು ಬರೀ 25.

ಆದರೆ ಅಕ್ಕನ ಮಗ ಹೊರಟಿರೋದು ಖಾಸಗಿ ಕಂಪನಿಗೆ. ಅಲ್ಲಿ ಶೇಕಡಾ 15ರ ಕಟ್ಟಳೆ ಇಲ್ಲ, ಆ ಅರ್ಧ ಗಂಟೆಯೇ ಎಲ್ಲ. ನಮ್ಮ ಕಾಲದಲ್ಲಿ ಹಾಸ್ಟೆಲ್ ಹುಡುಗರು ಶಕುಂತಲಾ ದೇವಿಯವರ ಒಗಟಿನ ಪುಸ್ತಕ ಇಟ್ಟುಕೊಂಡು ರಾತ್ರಿಯೆಲ್ಲ ಉರು ಹೊಡೆಯುತ್ತಿದ್ದರು. ಈಗ ಯೂಟ್ಯೂಬ್. ಎರಡೆಕರೆ ತೋಟದ ಮೇಲೆ ಓದಿನ ಸಾಲ ಇರುವ ಮನೆಯ ಹುಡುಗ ಉರು ಹೊಡೆದರೆ ತಪ್ಪು ಅನ್ನಲೂ ಆಗಲ್ಲ.

ಅವನಿಗೆ ನಾನು ಹೇಳಿದ್ದು ಇಷ್ಟು. ಮೊದಲು ನೀನು ಕೊಟ್ಟ ಅರ್ಜಿಯನ್ನೇ ಸಾಲುಸಾಲಾಗಿ ಓದು, ಪ್ರಶ್ನೆ ಹುಟ್ಟೋದು ಅಲ್ಲಿಂದಲೇ. ಪ್ರಾಜೆಕ್ಟ್ ಅಂತ ಬರೆದಿದ್ದರೆ ಅದರಲ್ಲಿ ನೀನು ಮಾಡಿದ್ದೆಷ್ಟು, ಗೆಳೆಯರು ಮಾಡಿದ್ದೆಷ್ಟು ಅಂತ ಬೇರೆ ಮಾಡಿಟ್ಟುಕೋ. ಒಂದು ವರ್ಷ ಖಾಲಿ ಕೂತಿದ್ದಕ್ಕೆ ಕಾರಣ ಕೇಳೇ ಕೇಳ್ತಾರೆ. ಅಪ್ಪನ ಆಪರೇಷನ್ ಆಯ್ತು, ತೋಟ ನಾನು ನೋಡ್ಕೊಂಡೆ ಅಂತ ಇದ್ದದ್ದು ಹೇಳು, ಅದಕ್ಕೆ ನಾಚಿಕೆ ಯಾಕೆ? ಊರು ಯಾವುದು ಅಂದರೆ ಜಿಲ್ಲೆ ಬದಲಾದದ್ದು, ಹೊನ್ನಾಳಿ ತಾಲ್ಲೂಕು ಒಡೆದು ನ್ಯಾಮತಿ ಆದದ್ದು ಗೊತ್ತಿರಲಿ. ಹೆಸರಿನ ಅರ್ಥ ಕೇಳಿದರೆ 'ಗೊತ್ತಿಲ್ಲ ಸರ್' ಅನ್ನು. ನಿಮ್ಮ ಮಾವ ಸತ್ತರೂ ಹೇಳದ ಮಾತು ಅದು.

ಸೋಮವಾರ ಸಂಜೆ ಫೋನ್ ಬಂತು. "ಮಾವ, ಗೋವಿನಕೋವಿ ಅಂದ್ರೇನು ಅಂತ ಕೇಳೇಬಿಟ್ರು!" ನೀನೇನಂದೆ? "ಗೊತ್ತಿಲ್ಲ ಅಂದೆ. ನಕ್ಕು, ಮುಂದಿನ ಪ್ರಶ್ನೆ ಕೇಳಿದ್ರು."

ಫಲಿತಾಂಶ ಇನ್ನೂ ಬಂದಿಲ್ಲ. ಅಕ್ಕ ದಿನಾ ದೇವರಿಗೆ ದೀಪ ಹಚ್ಚುತ್ತಿದ್ದಾಳೆ. ನಿಮಗೂ ಹೀಗೆ ಸಿಕ್ಕಿಬಿದ್ದ ಪ್ರಶ್ನೆಗಳಿದ್ದರೆ ಹೇಳಿ, ಮುಂದಿನ ಹುಡುಗರಿಗೆ ಉಪಯೋಗವಾದೀತು.