ಮೇಲಿಂದ ಪಾಠ ಬಂತು, ಕೆಳಗಿಂದ ಪ್ರಶ್ನೆ ಹೋಯ್ತಾ?

ರಾತ್ರಿ ಊಟ ಮುಗಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಎನ್‌ಪಿಟಿಇಎಲ್ ವಿಡಿಯೋವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವವರು ನಮ್ಮಲ್ಲಿ ಬಹಳ ಜನ. ಐಐಟಿ ಮೆಟ್ಟಿಲು ಹತ್ತದವರಿಗೂ ಐಐಟಿ ಮೇಷ್ಟರ ಪಾಠ ಈಗ ಅಂಗೈಯಲ್ಲಿದೆ. ಇದೆಲ್ಲ ಸ್ಮಾರ್ಟ್‌ಫೋನ್ ಬಂದ ಮೇಲೆ ಶುರುವಾಗಿದ್ದು ಅಂತ ಅನ್ನಿಸೋದು ಸಹಜ. ಆದರೆ ಈ ಕಥೆಗೆ ಅರ್ಧ ಶತಮಾನದ ವಯಸ್ಸಾಗಿದೆ, ಅದರಲ್ಲಿ ಕರ್ನಾಟಕಕ್ಕೂ ಒಂದು ಒಳ್ಳೆಯ ಪಾತ್ರ ಇದೆ.

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಬಳಸಲು ಕೊಟ್ಟಿತ್ತು. ‘ಸೈಟ್’ ಅನ್ನೋದು ಆ ಪ್ರಯೋಗದ ಹೆಸರು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ತಂತಿ ಜಾಲರಿಯ ಡಿಶ್ ನಿಲ್ಲಿಸಿ, ಟಿವಿ ಇಟ್ಟು, ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ ತೋರಿಸಿದರು. ಆಕಾಶದಿಂದ ಪಾಠ ಇಳಿಸಬಹುದು ಅನ್ನೋದು ಸಾಬೀತಾಯ್ತು.

ಕಾಲೇಜುಗಳ ಸರದಿ ಬಂದದ್ದು 1984ರ ಆಗಸ್ಟ್ 15ಕ್ಕೆ. ಯುಜಿಸಿ ಅಂದು ದೂರದರ್ಶನದಲ್ಲಿ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಶುರುಮಾಡಿತು. ದೊಡ್ಡ ಊರಿನ ಒಳ್ಳೆಯ ಪಾಠ ಸಣ್ಣ ಊರಿನ ಕಾಲೇಜಿಗೂ ಸಿಗಲಿ ಅನ್ನೋದು ಆಸೆ. ಆದರೆ ಕಾರ್ಯಕ್ರಮಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇದ್ದವು. ಟಿವಿ ಮಾತಾಡ್ತಿತ್ತು, ಎದುರಿಗೆ ಕೂತವರು ಸುಮ್ಮನೆ ಕೇಳಬೇಕಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ದಾರಿಯೂ ಇತ್ತು. 1960ರಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ‘ಪ್ಲೇಟೋ’ ಅನ್ನುವ ವ್ಯವಸ್ಥೆ ಕಟ್ಟಿದ್ದರು. ಅಲ್ಲಿ ಕಂಪ್ಯೂಟರ್ ಒಂದಿಷ್ಟು ಹೇಳಿ, ಆಮೇಲೆ ಪ್ರಶ್ನೆ ಕೇಳಿ ವಿದ್ಯಾರ್ಥಿಯ ಉತ್ತರಕ್ಕೆ ಕಾಯುತ್ತಿತ್ತು. ಉತ್ತರ ತಪ್ಪಾದರೆ ಇನ್ನೊಂದು ಸಲ ಪ್ರಯತ್ನಿಸಬಹುದಿತ್ತು. 1972ರ ಹೊತ್ತಿಗೆ ಅದಕ್ಕೆ ಬೆರಳಿನಿಂದ ಮುಟ್ಟಿ ಉತ್ತರಿಸುವ ಪರದೆಯೂ ಬಂತು. ಆದರೆ ದೊಡ್ಡ ಕಂಪ್ಯೂಟರು, ದುಬಾರಿ ಟರ್ಮಿನಲ್ಲು ಅಂದಮೇಲೆ ಖರ್ಚು ವಿಪರೀತ. ಹೀಗೆ ಅಗ್ಗವಾದದ್ದಕ್ಕೆ ಕಿವಿ ಇರಲಿಲ್ಲ, ಕಿವಿ ಇದ್ದದ್ದು ಕೈಗೆ ಎಟುಕಲಿಲ್ಲ.

ಎರಡನ್ನೂ ಸೇರಿಸುವ ಪ್ರಯತ್ನವೇ ಎಜುಸ್ಯಾಟ್. ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆಳೆದಷ್ಟು ಬೇಗ ಅನುಭವಿ ಅಧ್ಯಾಪಕರು ತಯಾರಾಗಲಿಲ್ಲ. ಹಾಗಾಗಿ ಇಸ್ರೋ ಮೊದಲು ಇನ್ಸಾಟ್-3ಬಿ ಉಪಗ್ರಹ ಬಳಸಿ ಮೂರು ಕಡೆ ಪ್ರಯೋಗ ನಡೆಸಿತು. ಅದರಲ್ಲೊಂದು ನಮ್ಮ ವಿಟಿಯು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕಾಗಿಯೇ ಭಾರತ ಕಳಿಸಿದ ಮೊದಲ ಉಪಗ್ರಹ ಅದು. ಈ ಸಲ ಸ್ಟುಡಿಯೋದ ಪಾಠ ಕಾಲೇಜಿಗೆ ಬರುವುದಷ್ಟೇ ಅಲ್ಲ, ಕಾಲೇಜಿನ ಪ್ರಶ್ನೆ ಸ್ಟುಡಿಯೋಗೆ ಹೋಗಲೂ ದಾರಿ ಇತ್ತು.

ನಾನು ಓದಿದ್ದು ಅಂಥದ್ದೊಂದು ಸಣ್ಣ ಊರಿನ ಕಾಲೇಜಿನಲ್ಲಿ. ಮಳೆ ಜೋರಾದರೆ ಪರದೆಯ ಮೇಲಿನ ಪ್ರೊಫೆಸರ್ ಚೌಕಚೌಕವಾಗಿ ಒಡೆದುಹೋಗ್ತಿದ್ದರು. ಉಪಗ್ರಹ ಇರೋದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಹತ್ತಿ ಇಳಿದು, ಉತ್ತರ ಹತ್ತಿ ಇಳಿಯೋಕೆ ಹೆಚ್ಚುಕಮ್ಮಿ ಅರ್ಧ ಸೆಕೆಂಡು ಬೇಕು. ಅದು ತೊಂದರೆಯೇ ಅಲ್ಲ. ನಿಜವಾದ ತಡೆ ನಮ್ಮ ಗಂಟಲಲ್ಲಿತ್ತು. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಅಷ್ಟೊಂದು ಕಾಲೇಜುಗಳು ಕೇಳಿಸಿಕೊಳ್ಳುವಾಗ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ‘ನನಗೆ ಅರ್ಥ ಆಗಲಿಲ್ಲ’ ಅನ್ನೋದು ಹೇಗೆ? ಮೈಕ್ ಬೆಂಚಿನಿಂದ ಬೆಂಚಿಗೆ ದಾಟಿ, ಬಿಸಿ ಪಾತ್ರೆಯ ಥರ ವಾಪಸ್ ಬರ್ತಿತ್ತು.

ನಮ್ಮನ್ನು ದಡ ಹತ್ತಿಸಿದ್ದು ಕೋಣೆಯ ಮೂಲೆಯಲ್ಲಿ ಕೂತಿರ್ತಿದ್ದ ನಮ್ಮದೇ ಲೆಕ್ಚರರ್ ಮೇಡಂ. ಪಾಠ ಮುಗಿದ ಕೂಡಲೇ ಪ್ರೊಜೆಕ್ಟರ್ ಆರಿಸಿ, ಸೀಮೆಸುಣ್ಣ ಎತ್ತಿಕೊಂಡು, “ಏನ್ರಪ್ಪಾ, ಯಾವ ಸ್ಟೆಪ್ ಹಾರಿಹೋಯ್ತು?” ಅನ್ನೋರು. ಆಗ ಹತ್ತು ಕೈ ಏಳ್ತಿದ್ದವು. ಫೂರಿಯರ್ ಟ್ರಾನ್ಸ್‌ಫಾರ್ಮ್ ನನ್ನ ತಲೆಗೆ ಹೋಗಿದ್ದು ಆ ಹತ್ತು ನಿಮಿಷದ ಕಂಗ್ಲಿಷಿನಲ್ಲಿ.

ಇದು ನಮ್ಮೊಬ್ಬರ ಅನುಭವ ಅಲ್ಲ. 1971ರ ಜನವರಿಯಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಸುಮಾರು 25 ಸಾವಿರ ವಿದ್ಯಾರ್ಥಿಗಳೊಂದಿಗೆ ಪಾಠ ಶುರುಮಾಡಿದಾಗ ಎಲ್ಲರ ಕಣ್ಣು ಬಿಬಿಸಿ ಟಿವಿಯ ಮೇಲಿತ್ತು. ಆದರೆ ಆ ವ್ಯವಸ್ಥೆ ನಿಂತದ್ದು ಟ್ಯೂಟರ್‌ಗಳ ಮೇಲೂ ಹೌದು. ಅವರು ಪ್ರತಿ ವಿದ್ಯಾರ್ಥಿಯ ಅಸೈನ್‌ಮೆಂಟ್ ಓದಿ, ಎಲ್ಲಿ ತಪ್ಪಿದೆ ಅಂತ ಬರೆದು ಕಳಿಸ್ತಿದ್ದರು. ಇನ್ನು 2011ರಲ್ಲಿ ಇಬ್ಬರು ಸ್ಟ್ಯಾನ್‌ಫರ್ಡಿನ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಕೋರ್ಸನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಾಗ ಹೆಸರು ಹಚ್ಚಿದವರು ಸುಮಾರು 1.6 ಲಕ್ಷ, ಮುಗಿಸಿದವರು ಸುಮಾರು 23 ಸಾವಿರ. ಅದೂ ಸಣ್ಣ ಸಂಖ್ಯೆಯೇನಲ್ಲ. ಆದರೆ ಉಳಿದವರು ಎಲ್ಲಿ ಎಡವಿದರು ಅಂತ ವಿಚಾರಿಸೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಆರಂಭಿಸಿದ ಎನ್‌ಪಿಟಿಇಎಲ್ ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಿದೆ. 2014ರಿಂದ ಅದರಲ್ಲಿ ವಾರವಾರದ ಅಸೈನ್‌ಮೆಂಟು, ಚರ್ಚೆಯ ಜಾಗ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಇವೆ. 2017ರಲ್ಲಿ ಸ್ವಯಂ ಬಂತು. ಇಂಥ ಕೋರ್ಸುಗಳಿಂದ 20% ತನಕ ಕ್ರೆಡಿಟ್ ಪಡೆಯಬಹುದು ಅಂತ ಯುಜಿಸಿ 2016ರಲ್ಲಿ ಹೇಳಿತ್ತು, 2021ರಲ್ಲಿ ಅದನ್ನು 40%ಗೆ ಏರಿಸಿತು.

ನನ್ನ ಆತಂಕ ಇರೋದು ಇಲ್ಲೇ. ಅಷ್ಟು ಕ್ರೆಡಿಟ್ ಪರದೆಯಿಂದ ಸಿಗುತ್ತೆ ಅಂದಮೇಲೆ ಮೂಲೆಯಲ್ಲಿ ಕೂರುವ ಆ ಲೆಕ್ಚರರ್ ಯಾಕೆ, ಹುದ್ದೆ ಖಾಲಿ ಇದ್ದರೆ ಇರಲಿ ಬಿಡಿ ಅಂತ ಯಾವುದೋ ಆಡಳಿತ ಮಂಡಳಿ ಲೆಕ್ಕ ಹಾಕಬಹುದು. ಪಗಾರ ಉಳಿದದ್ದು ಆ ಲೆಕ್ಕದಲ್ಲಿ ಕಾಣಿಸುತ್ತೆ, ಕೇಳದೇ ಉಳಿದ ಪ್ರಶ್ನೆ ಕಾಣಿಸೋದಿಲ್ಲ. ನಾವು ನೀವು ಕೆಲಸದಲ್ಲಿದ್ದೇವೆ, ಗೊತ್ತಾಗದ್ದನ್ನು ಪಕ್ಕದ ಡೆಸ್ಕಿನವರನ್ನು ಕೇಳಿ, ವಿಡಿಯೋ ಹಿಂದಕ್ಕೆ ಎಳೆದು ಕಲೀತೀವಿ. ಮೊದಲ ಸೆಮಿಸ್ಟರಿನ ಹಳ್ಳಿ ಹುಡುಗಿಗೆ ಆ ಪಕ್ಕದ ಡೆಸ್ಕ್ ಅಂದರೆ ಅವಳ ಲೆಕ್ಚರರ್ರೇ. ಮುಂದಿನ ಸಲ ನಿಮ್ಮ ಹಳೆಯ ಕಾಲೇಜು ಸ್ಮಾರ್ಟ್ ಕ್ಲಾಸ್‌ರೂಮಿಗೆ ದೇಣಿಗೆ ಕೇಳಿದರೆ ಧಾರಾಳವಾಗಿ ಕೊಡಿ. ಜೊತೆಗೆ, ಪರದೆ ಆರಿದ ಮೇಲೆ ಆ ಕೋಣೆಯಲ್ಲಿ ಯಾರಿರ್ತಾರೆ ಅಂತಲೂ ಕೇಳಿ.