ಕೀಮೋ ನಡುವೆ ಜ್ವರ ಬಂದರೆ ಬೆಳಗಿನವರೆಗೆ ಕಾಯಬಹುದೇ?

ಕಾಯಬಾರದು. ಬೇರೆಯವರಿಗೆ ಸಾಮಾನ್ಯವೆನಿಸುವ ಜ್ವರ, ಕೀಮೋಥೆರಪಿ ಪಡೆಯುತ್ತಿರುವವರಿಗೆ ತುರ್ತು ಪರಿಸ್ಥಿತಿ.

ಯಾದಗಿರಿ, ಶಹಾಪುರ, ಸುರಪುರ ಭಾಗದವರಿಗೆ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಘಟಕದಲ್ಲಿ ಸರ್ಕಾರಿ ಕ್ಯಾನ್ಸರ್ ಚಿಕಿತ್ಸೆ ಸಿಗುತ್ತದೆ. ಕೀಮೋ ಹಾಕಿಸಿಕೊಂಡು ಊರಿಗೆ ಮರಳಿದ ಮೇಲೆಯೇ ಸೋಂಕಿನ ಅಪಾಯ ಹೆಚ್ಚುತ್ತದೆ.

ಏಕೆ ಹೀಗೆ?

ಕೀಮೋ ಔಷಧಿ ಕ್ಯಾನ್ಸರ್ ಕೋಶಗಳ ಜೊತೆಗೆ ಮೂಳೆಮಜ್ಜೆಯಲ್ಲಿ ತಯಾರಾಗುವ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ಬ್ಯಾಕ್ಟೀರಿಯಾಗಳೊಂದಿಗೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ತೀರಾ ಕಡಿಮೆಯಾಗುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 500ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಕೀವು ಕಟ್ಟುವುದು ಇವೇ ಕಣಗಳಿಂದ. ಹಾಗಾಗಿ ಸೋಂಕಿದ್ದರೂ ಕೀವು, ಬಾವು ಕಾಣದೆ ಬರೀ ಜ್ವರ ಮಾತ್ರ ಇರಬಹುದು.

‘ಒಂದು ಗುಳಿಗೆ ನುಂಗಿ ನೋಡೋಣ’

ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಸೋಂಕನ್ನಲ್ಲ. ಇದ್ದ ಒಂದೇ ಸುಳಿವನ್ನೂ ಮರೆಮಾಡುತ್ತದೆ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಚಳಿ ನಡುಕ ಬಂದರೆ ಗುಳಿಗೆ ನುಂಗುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಫೋನ್ ಮಾಡಿ.

ಇಂಥ ಜ್ವರದಲ್ಲಿ ಆಸ್ಪತ್ರೆ ತಲುಪಿದ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು ಎಂಬುದು ವೈದ್ಯರ ಗುರಿ. ಸುರಪುರದಿಂದ ಕಲಬುರಗಿಗೆ ಎರಡು ತಾಸಾದರೂ ಬೇಕು. ಆದ್ದರಿಂದ ವೈದ್ಯರು ಫೋನಿಗೆ ಸಿಗದಿದ್ದರೆ ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ‘ಕೀಮೋ ನಡೆದಿದೆ, ಇಂಥ ದಿನ ಹಾಕಿಸಿದ್ದೇವೆ’ ಎಂದು ಮೊದಲೇ ಹೇಳಿ, ಚಿಕಿತ್ಸೆಯ ಫೈಲ್ ತೋರಿಸಿ.

‘ಹಸಿ ತರಕಾರಿ ಮುಟ್ಟಲೇಬಾರದು’

ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ತಿನ್ನುವುದು ಈ ಭಾಗದ ರೂಢಿ. ಹಸಿಯದನ್ನೆಲ್ಲ ಬಿಟ್ಟರೆ ಸೋಂಕು ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಆದರೆ ಚೆನ್ನಾಗಿ ತೊಳೆಯುವುದು ಕಡ್ಡಾಯ. ಸೊಪ್ಪಿನ ಮಣ್ಣು ಪೂರ್ತಿ ಹೋಗುವುದು ಕಷ್ಟ. ರಕ್ತಕಣ ಕಡಿಮೆಯಿರುವ ದಿನಗಳಲ್ಲಿ ಅದನ್ನು ಬೇಯಿಸಿ ತಿನ್ನುವುದು ಲೇಸು. ನೀರು ಕುದಿಸಿ ಆರಿಸಿದ್ದಿರಲಿ, ಅಡುಗೆ ಆಗಿಂದಾಗ ಮಾಡಿದ್ದಿರಲಿ.

ಮನೆಯವರು ಮಾಡಬೇಕಾದದ್ದು

• ರೋಗಿಯನ್ನು ಮುಟ್ಟುವ ಮೊದಲು ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ.
• ನೆಗಡಿ, ಕೆಮ್ಮು ಇದ್ದವರು ಮಾತಾಡಿಸಲು ಬರುವುದು ಬೇಡ.
• ಸಗಣಿ ಬಾಚುವ, ಕೊಟ್ಟಿಗೆ ಗುಡಿಸುವ ಕೆಲಸವನ್ನು ಬೇರೆಯವರು ಮಾಡಲಿ.
• ಮೆತ್ತನೆಯ ಬ್ರಶ್‌ನಿಂದ ಹಲ್ಲುಜ್ಜಲಿ. ಬಾಯಿ ಹುಣ್ಣಾದರೆ ವೈದ್ಯರಿಗೆ ತಿಳಿಸಿ.

ಇಷ್ಟೆಲ್ಲ ಮಾಡಿದರೂ ಜ್ವರ ಬರಬಹುದು. ಏಕೆಂದರೆ ಅನೇಕ ಸೋಂಕುಗಳು ರೋಗಿಯ ಕರುಳು, ಬಾಯಿ, ಚರ್ಮದಲ್ಲೇ ಇರುವ ಬ್ಯಾಕ್ಟೀರಿಯಾದಿಂದ ಬರುತ್ತವೆ. ಅದು ಯಾರ ತಪ್ಪೂ ಅಲ್ಲ. ಬಂದಾಗ ತಡಮಾಡದಿರುವುದು ಮಾತ್ರ ನಮ್ಮ ಕೈಯಲ್ಲಿದೆ.